ಹೆಬ್ಬಾರರ ನಿಸರ್ಗಚಿತ್ರ ಮಾರಾಟಕ್ಕೆ ಬಂದಾಗ: ಕರಾವಳಿಯ ಓದುಗರಿಗೊಂದು ಕೈಪಿಡಿ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ನಿಸರ್ಗಚಿತ್ರಗಳು ಮಾರಾಟಕ್ಕೆ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಮುಂಬೈ ದೆಹಲಿಗಳ ಗ್ಯಾಲರಿ ಮತ್ತು ಹರಾಜು ಸಂಸ್ಥೆಗಳ ಮೂಲಕ. ಇನ್ನೊಂದು, ಪರಿಚಯದವರ ಬಾಯಿಮಾತಿನಲ್ಲಿ, ಮನೆಯಿಂದ ಮನೆಗೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಎರಡನೆಯದೇ ಎದುರಾಗುವ ಸಾಧ್ಯತೆ ಹೆಚ್ಚು. ಈ ಮೂರು ತಾಲ್ಲೂಕುಗಳಿಂದ ಮುಂಬೈ ಸೇರಿ ಹೋಟೆಲು ನಡೆಸಿದ, ಬ್ಯಾಂಕು ಕಚೇರಿಗಳಲ್ಲಿ ದುಡಿದ ಕುಟುಂಬಗಳು ಸಾಕಷ್ಟಿವೆ. ಹೆಬ್ಬಾರರು ಬದುಕಿನ ಬಹುಭಾಗ ಕಳೆದದ್ದೂ ಮುಂಬೈಯಲ್ಲೇ. ಹಾಗಾಗಿ ‘ನಮ್ಮವರದೇ ಚಿತ್ರ, ಅಜ್ಜನಿಗೆ ಅವರೇ ಕೊಟ್ಟದ್ದಂತೆ’ ಎಂಬ ಮಾತು ಇಲ್ಲಿ ಸುಲಭವಾಗಿ ಹುಟ್ಟುತ್ತದೆ, ಸುಲಭವಾಗಿ ನಂಬಿಕೆಯನ್ನೂ ಗಳಿಸುತ್ತದೆ. ಆ ಮಾತು ನಿಜವೂ ಇರಬಹುದು. ಆದರೆ ಹಣ ಕೈಬಿಡುವ ಮೊದಲು ಅದು ಕಾಗದದ ಮೇಲೂ ನಿಜವೆಂದು ತೋರಬೇಕು. ದೊಡ್ಡ ಹೆಸರಿನ ಚಿತ್ರವನ್ನು ಕೊಳ್ಳುವಾಗ ಮೊದಲು ಕೊಳ್ಳಬೇಕಾದದ್ದು ಅದರ ಹಿಂದಿನ ದಾಖಲೆಯನ್ನು; ಚಿತ್ರ ಅದರ ಬೆನ್ನಿಗೇ ಬರುತ್ತದೆ.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ 1938ರವರೆಗೆ ಕಲಿತು, 1940ರಿಂದ 1945ರವರೆಗೆ ಅಲ್ಲೇ ಕಲಿಸಿದರು. 1949-50ರಲ್ಲಿ ಪ್ಯಾರಿಸ್ಸಿನ ಅಕಾದೆಮಿ ಜೂಲಿಯಾಂನಲ್ಲಿ ಅಭ್ಯಾಸ ಮಾಡಿದರು. ಪದ್ಮಶ್ರೀ 1961ರಲ್ಲಿ, ಪದ್ಮಭೂಷಣ 1989ರಲ್ಲಿ ಬಂತು. 1996ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಈ ವರ್ಷಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಕೊಳ್ಳುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಚಿತ್ರದ ಮೂಲೆಯಲ್ಲಿ ಸಹಿಯ ಜೊತೆ ಬರೆದ ಇಸವಿ, ಚಿತ್ರದ ಶೈಲಿ, ಬಳಸಿದ ಕಾಗದ ಮತ್ತು ಬಣ್ಣ, ಈ ನಾಲ್ಕೂ ಒಂದೇ ಕಾಲವನ್ನು ಹೇಳಬೇಕು.

ಶೈಲಿ ಅವರಲ್ಲಿ ಒಂದೇ ಕಡೆ ನಿಂತದ್ದಲ್ಲ. ಕಲಾಶಾಲೆಯ ದಿನಗಳ ಶಿಸ್ತಿನ ಜಲವರ್ಣದಿಂದ ಹೊರಟು, 1940ರ ದಶಕದಲ್ಲಿ ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಗೋಗ್ಯಾಂ ಅವರ ನೆರಳು ಕಾಣುವ ದಟ್ಟ ಬಣ್ಣದ ತೈಲಚಿತ್ರಗಳಿಗೆ ಬಂದರು. ಕೇರಳದ ಹಸಿರು ಮತ್ತು ಬಿಸಿಲು ಅವರ ಬಣ್ಣದ ಪೆಟ್ಟಿಗೆಯನ್ನೇ ಬದಲಿಸಿತು. ಪ್ಯಾರಿಸ್ಸಿನ ನಂತರ ಆಕಾರಗಳು ಸಡಿಲಗೊಂಡವು, ನೆಲ ನೀರು ಆಕಾಶಗಳು ಬಣ್ಣದ ಪದರಗಳಾದವು. ಈ ಎಲ್ಲದರ ಒಳಗೂ ಹರಿದದ್ದು ರೇಖೆ. ಲಯವನ್ನು ಮೈಯಲ್ಲೇ ಅರಿಯಬೇಕೆಂದು ಅವರು ಕಥಕ್ ಕಲಿತವರು. ಒಂದೇ ಎಳೆತದಲ್ಲಿ ಕುಣಿಯುವ ಮೈಯನ್ನು ಹಿಡಿಯುವ ಅವರ ರೇಖಾಚಿತ್ರಗಳ ಮುಂದೆ ನಿಂತವರಿಗೆ, ಆ ಕೈಯನ್ನು ಅನುಕರಿಸುವುದು ಎಷ್ಟು ಕಷ್ಟವೆಂದು ಹೇಳಿಕೊಡಬೇಕಾಗಿಲ್ಲ. ನಕಲು ಮಾಡುವವರಿಗೆ ನಿಸರ್ಗಚಿತ್ರ ಸುಲಭದ ಗುರಿಯಾಗುವುದು ಈ ಕಾರಣಕ್ಕೇ: ಮನುಷ್ಯಾಕೃತಿಯಲ್ಲಿ ರೇಖೆ ತಪ್ಪಿದರೆ ತಕ್ಷಣ ಕಾಣುತ್ತದೆ, ಮರದ ಗುಂಪಿನಲ್ಲೋ ಮೋಡದಲ್ಲೋ ತಪ್ಪು ಅಡಗಿಕೊಳ್ಳುತ್ತದೆ.

ಮೊದಲು ಮೂಲಚಿತ್ರಗಳ ಮುಂದೆ ನಿಲ್ಲುವುದು

ಕೊಳ್ಳುವ ಯೋಚನೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸಕ್ಕೆ ದುಡ್ಡು ಬೇಕಿಲ್ಲ. ಮಣಿಪಾಲದಲ್ಲಿ ಹೆಬ್ಬಾರರ ಹೆಸರಿನ ಗ್ಯಾಲರಿ ಇದೆ. ಬ್ರಹ್ಮಾವರದಿಂದ ಅರ್ಧ ಗಂಟೆಯ ದಾರಿ, ಬೈಂದೂರಿನಿಂದಲೂ ಹೋಗಿ ಅದೇ ದಿನ ಮರಳಬಹುದು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳ ಸಂಗ್ರಹವಿದೆ. ಅದೇ ನಗರದ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆಧುನಿಕ ಭಾರತೀಯ ಚಿತ್ರಕಲೆಯನ್ನು ಒಟ್ಟಾಗಿ ನೋಡಲು ತಕ್ಕ ಜಾಗ. ನಿಸರ್ಗಚಿತ್ರವೇ ಆಸಕ್ತಿಯಾಗಿದ್ದರೆ ಇನ್ನಿಬ್ಬರನ್ನು ನೋಡದೆ ಇರಬಾರದು: ಊಟಿಯ ಕಣಿವೆಗಳನ್ನು ತಪಸ್ಸಿನಂತೆ ಜಲವರ್ಣದಲ್ಲಿ ಬರೆದ ಕೆ. ವೆಂಕಟಪ್ಪ, ಹೂ ಬಿಟ್ಟ ಬೆಂಗಳೂರಿನ ಮರಗಳನ್ನು ದಪ್ಪ ಬಣ್ಣದಲ್ಲಿ ಹಿಡಿದ ರುಮಾಲೆ ಚೆನ್ನಬಸವಯ್ಯ. ಮೂಲಚಿತ್ರಗಳನ್ನು ಹತ್ತಿರದಿಂದ, ಹೊತ್ತು ಕೊಟ್ಟು ನೋಡಿದ ಕಣ್ಣು ಫೋನಿನ ಪರದೆಯಲ್ಲಿ ಮಾತ್ರ ನೋಡಿದ ಕಣ್ಣಿಗಿಂತ ಬೇಗ ಅನುಮಾನಿಸುತ್ತದೆ. ಬಣ್ಣದ ದಪ್ಪ, ಕುಂಚದ ವೇಗ, ಸಹಿಯ ಜಾಗ, ಕೈ ಎಲ್ಲಿ ನಿಧಾನಿಸಿದೆ ಎಂಬುದು, ಇವು ಫೋಟೊದಲ್ಲಿ ಬರುವುದಿಲ್ಲ.

ಓದಿನ ಕಡೆಯಿಂದ ಬರುವವರಿಗೆ ಈ ನೆಲದಲ್ಲೇ ಒಂದು ಬಾಗಿಲಿದೆ. ಕೋಟದ ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನಗಳ ನಡುವೆ ಚಿತ್ರಕಲೆಯ ಬಗ್ಗೆಯೂ ಕನ್ನಡದಲ್ಲಿ ಬರೆದರು. ಅವರ ‘ಭಾರತೀಯ ಚಿತ್ರಕಲೆ’ ಆ ವಿಷಯದಲ್ಲಿ ಕನ್ನಡದ ಆರಂಭದ ಪುಸ್ತಕಗಳಲ್ಲೊಂದು. ಇದೇ ನೆಲದ ಕೋಟೇಶ್ವರದಲ್ಲಿ 1971ರಲ್ಲಿ ಹುಟ್ಟಿದ ಎಲ್.ಎನ್. ತಲ್ಲೂರು ಇಂದು ಜಗತ್ತಿನಾದ್ಯಂತ ಹೆಸರಾದ ಶಿಲ್ಪಿ. ಕಲೆಯನ್ನು ಕೊಳ್ಳುವುದು, ಕಾಪಾಡುವುದು ಈ ಕರಾವಳಿಗೆ ಪರಕೀಯ ವಿಷಯವಲ್ಲ.

ಮೂಲವೋ, ಮುದ್ರಣವೋ

‘ಹೆಬ್ಬಾರರದು’ ಎಂದು ಮಾರಾಟಕ್ಕೆ ಬಂದದ್ದು ಕೈಯಿಂದ ಬರೆದ ಮೂಲಚಿತ್ರವೋ, ಕಲಾವಿದರೇ ಮಾಡಿಸಿದ ಸೀಮಿತ ಸಂಖ್ಯೆಯ ಮುದ್ರಣವೋ, ಕ್ಯಾಲೆಂಡರಿನಿಂದ ಕತ್ತರಿಸಿ ಫ್ರೇಮು ಹಾಕಿದ್ದೋ ಎಂಬುದು ಮೊದಲ ಪ್ರಶ್ನೆ. ಮೂರಕ್ಕೂ ಬೆಲೆ ಬೇರೆ ಬೇರೆ. ಮಾರುವವರೂ ಕೆಲವೊಮ್ಮೆ ಪ್ರಾಮಾಣಿಕವಾಗಿಯೇ ತಪ್ಪು ತಿಳಿದಿರುತ್ತಾರೆ, ಏಕೆಂದರೆ ಗಾಜಿನ ಹಿಂದೆ ನಲವತ್ತು ವರ್ಷ ಕುಳಿತ ಒಳ್ಳೆಯ ಮುದ್ರಣ ಜಲವರ್ಣದಂತೆಯೇ ಕಾಣುತ್ತದೆ.

ಪರೀಕ್ಷೆ ಸರಳ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಅಕ್ಕಸಾಲಿಗರ ಬಳಿ ಇರುವಂಥದ್ದೇ. ಬಣ್ಣ ಸಣ್ಣ ಸಣ್ಣ ಚುಕ್ಕೆಗಳ ಸಾಲಾಗಿ, ಚುಕ್ಕೆಗಳು ಹೂವಿನ ಸುತ್ತಿನಂತೆ ಜೋಡಣೆಗೊಂಡು ಕಂಡರೆ ಅದು ಆಫ್‌ಸೆಟ್ ಮುದ್ರಣ. ನಿಜವಾದ ಜಲವರ್ಣದಲ್ಲಿ ಚುಕ್ಕೆ ಇರುವುದಿಲ್ಲ. ಬಣ್ಣ ಕಾಗದದ ಒರಟಿನ ತಗ್ಗುಗಳಲ್ಲಿ ಹೆಚ್ಚು ಇಳಿದು, ಉಬ್ಬುಗಳ ಮೇಲೆ ತೆಳುವಾಗಿರುತ್ತದೆ. ನೀರು ಒಣಗಿದ ಕಡೆ ಅಂಚು ಗಾಢವಾಗಿರುತ್ತದೆ. ಬಿಳಿ ಬೇಕಾದ ಕಡೆ ಕಾಗದವನ್ನೇ ಬಿಟ್ಟಿರುವುದು, ತೇವದ ಮೇಲೆ ಇನ್ನೊಂದು ಬಣ್ಣ ಹರಿದು ಕೂಡಿರುವುದು ಕಾಣುತ್ತದೆ. ಸಹಿ ಮಾತ್ರ ಪೆನ್ಸಿಲಿನದಾಗಿ, ಕೆಳಗೆ 12/50 ಎಂಬಂತೆ ಸಂಖ್ಯೆ ಇದ್ದರೆ ಅದು ಸೀಮಿತ ಸಂಖ್ಯೆಯ ಮುದ್ರಣ. ಅದು ಮೋಸವಲ್ಲ, ಆದರೆ ಮೂಲಚಿತ್ರದ ಬೆಲೆಗೆ ತಕ್ಕದ್ದೂ ಅಲ್ಲ.

ತೈಲಚಿತ್ರವಾದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಚಿತ್ರದ ಬದಿಗೆ ಹಿಡಿದು ಬೆಳಕನ್ನು ಮೇಲ್ಮೈಯ ಮೇಲೆ ಓರೆಯಾಗಿ ಹಾಯಿಸಬೇಕು. ಕುಂಚದ ಏರುತಗ್ಗು, ಬಿರುಕು, ಮತ್ತೆ ಬಳಿದ ತೇಪೆ, ಎಲ್ಲವೂ ನೆರಳಾಗಿ ಎದ್ದು ನಿಲ್ಲುತ್ತವೆ. ಸಹಿಯನ್ನು ಇದೇ ಬೆಳಕಿನಲ್ಲಿ ನೋಡಬೇಕು. ಹಳೆಯ ಬಿರುಕಿನ ಒಳಕ್ಕೆ ಸಹಿಯ ಬಣ್ಣ ಇಳಿದಿದ್ದರೆ, ಬಿರುಕು ಬಿಟ್ಟ ಎಷ್ಟೋ ವರ್ಷಗಳ ಮೇಲೆ ಯಾರೋ ಸಹಿ ಹಾಕಿದ್ದಾರೆ ಎಂದರ್ಥ. ವಾರ್ನಿಷಿನ ಮೇಲೆ ತೇಲುವ ಸಹಿಯೂ ಅನುಮಾನಕ್ಕೆ ಎಡೆ. ಬೇರೆ ಯಾರೋ ಬರೆದ ಒಳ್ಳೆಯ ಹಳೆಯ ಚಿತ್ರಕ್ಕೆ ದೊಡ್ಡ ಹೆಸರನ್ನು ಅಂಟಿಸುವುದು ನಕಲಿನ ಅತ್ಯಂತ ಅಗ್ಗದ ದಾರಿ. ಅಲ್ಲಿ ಚಿತ್ರ ಹಳೆಯದೇ, ಸುಳ್ಳು ಹೇಳುವುದು ಒಂದು ಮೂಲೆ ಮಾತ್ರ.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಇನ್ನೊಂದು ಸಾಧನ. ಕತ್ತಲೆಯಲ್ಲಿ ಅದನ್ನು ಹಾಯಿಸಿದರೆ ಹಳೆಯ ವಾರ್ನಿಷ್ ಹಸಿರು ಛಾಯೆಯಲ್ಲಿ ಮಿನುಗುತ್ತದೆ, ಅದರ ಮೇಲೆ ಇತ್ತೀಚೆಗೆ ಬಳಿದ ಬಣ್ಣ ಕಪ್ಪು ಕಲೆಯಾಗಿ ಕಾಣುತ್ತದೆ. ಕಾಗದದ ವಿಷಯದಲ್ಲಿ ಇದು ಇನ್ನೂ ನಿಷ್ಠುರ ಸಾಕ್ಷಿ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಕಾಗದದ ಕಾರ್ಖಾನೆಗಳಲ್ಲಿ ವ್ಯಾಪಕವಾದದ್ದು 1950ರ ಸುಮಾರಿಗೆ. 1938 ಎಂದು ಬರೆದ ಜಲವರ್ಣದ ಕಾಗದ ಈ ಬೆಳಕಿನಲ್ಲಿ ನೀಲಿಬಿಳಿಯಾಗಿ ಉರಿದರೆ ಅಲ್ಲಿಗೆ ಮಾತು ಮುಗಿಯಿತು. ಹಾಗೆಯೇ ಕಲಾವಿದರ ಬಳಕೆಗೆ ಅಕ್ರಿಲಿಕ್ ಬಣ್ಣ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗತೊಡಗಿದ್ದು 1950ರ ದಶಕದ ನಡುವಿನಿಂದ ಈಚೆಗೆ. 1945ರ ಅಕ್ರಿಲಿಕ್ ನಿಸರ್ಗಚಿತ್ರ ಎಂಬುದು ಇರಲಾರದು.

ಚಿತ್ರದಲ್ಲಿ ಬರೆದ ನೆಲವೂ ಸಾಕ್ಷಿ ಹೇಳುತ್ತದೆ, ಅದನ್ನು ಓದುವುದರಲ್ಲಿ ಈ ಭಾಗದವರಿಗೆ ಮುಂಬೈಯ ವ್ಯಾಪಾರಿಗಿಂತ ಅನುಕೂಲ ಹೆಚ್ಚು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಗಂಗೊಳ್ಳಿಯ ಅಳಿವೆಗೆ ಐದು ನದಿಗಳು ಬಂದು ಸೇರುತ್ತವೆ. ಒತ್ತಿನೆಣೆಯ ಗುಡ್ಡದಿಂದ ಸೋಮೇಶ್ವರದ ಕಡಲತೀರ ಕೆಳಗೆ ಹರಡಿಕೊಳ್ಳುತ್ತದೆ. ಹಂಗಾರಕಟ್ಟೆಯಲ್ಲಿ ಹೊಳೆಯ ಬಾಯಿಗೆ ದೋಣಿಗಳು ಒರಗಿರುತ್ತವೆ. ಇವನ್ನು ಬಾಲ್ಯದಿಂದ ಕಂಡವರು ದೋಣಿಯ ಆಕಾರ, ಬಲೆಯ ಬಗೆ, ಮಾಡಿನ ಇಳಿಜಾರು ಕಾಲಕ್ಕೆ ಒಪ್ಪುತ್ತವೆಯೇ ಎಂದು ಹೇಳಬಲ್ಲರು. ಈ ಕರಾವಳಿಯಲ್ಲಿ ಊರಿಗೆ ಊರೇ ದಡದಲ್ಲಿ ನಿಂತು ರಂಪಣಿ ಎಳೆಯುತ್ತಿದ್ದ ಕಾಲ, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಬೇಗನೆ ಮುಗಿಯಿತು. 1952 ಎಂದು ಬರೆದ ಚಿತ್ರದ ದಡದಲ್ಲಿ ಎತ್ತರದ ಚಾಲಕ ಕೋಣೆಯ ಪರ್ಸೀನ್ ಬೋಟು ಸಾಲಾಗಿ ನಿಂತಿದ್ದರೆ ಇಸವಿಯೋ ಚಿತ್ರವೋ ಎರಡರಲ್ಲೊಂದು ಸುಳ್ಳು.

ಒಂದು ಎಚ್ಚರ ಮಾತ್ರ ಬೇಕು. ‘ಮರವಂತೆ’, ‘ಕುಂದಾಪುರ ಹೊಳೆಬಾಗಿಲು’ ಎಂಬ ಶೀರ್ಷಿಕೆಯನ್ನು ಸ್ಥಳೀಯ ಕೊಳ್ಳುಗನನ್ನು ಕಂಡ ಮೇಲೆ ಕೊಟ್ಟಿರುವ ಸಾಧ್ಯತೆ ಇದೆ. ಶೀರ್ಷಿಕೆ ಹಳೆಯ ಪ್ರದರ್ಶನದ ಕ್ಯಾಟಲಾಗಿನಲ್ಲೋ ಚಿತ್ರದ ಹಿಂಬದಿಯಲ್ಲಿ ಕಲಾವಿದರ ಕೈಬರಹದಲ್ಲೋ ಇಲ್ಲದಿದ್ದರೆ ಅದಕ್ಕೆ ಬೆಲೆ ಕಟ್ಟಬಾರದು. ಊರಿನ ಅಭಿಮಾನ ಒಳ್ಳೆಯದು; ಅದರ ಮೇಲೆ ಯಾರೋ ಒಂದು ಲಕ್ಷ ಹೆಚ್ಚು ಕೇಳುವುದು ಒಳ್ಳೆಯದಲ್ಲ.

ಬೆನ್ನು ಮತ್ತು ಕಾಗದಪತ್ರ

ಬಲ್ಲವರು ಚಿತ್ರವನ್ನು ಮೊದಲು ತಿರುಗಿಸಿ ನೋಡುತ್ತಾರೆ. ಹಿಂಬದಿಯಲ್ಲಿ ಗ್ಯಾಲರಿಯ ಚೀಟಿ, ಪ್ರದರ್ಶನದ ಸಂಖ್ಯೆ, ಫ್ರೇಮು ಹಾಕಿದ ಅಂಗಡಿಯ ಮುದ್ರೆ, ಕಲಾವಿದರ ವಿಳಾಸ ಇರಬಹುದು. ಮುಂಬೈಯಲ್ಲಿ ಬಾಂಬೆ ಆರ್ಟ್ ಸೊಸೈಟಿ 1888ರಿಂದ ಇದೆ, ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆದದ್ದು 1952ರಲ್ಲಿ, ಪುಂಡೋಲೆ ಮತ್ತು ಕೆಮೋಲ್ಡ್ ಗ್ಯಾಲರಿಗಳು ಆರಂಭವಾದದ್ದು 1963ರಲ್ಲಿ. ಚೀಟಿಯಲ್ಲಿ ಇರುವ ಹೆಸರು ಚಿತ್ರದ ಇಸವಿಗೆ ಹೊಂದಬೇಕು. ಹಳೆಯ ಕ್ಯಾನ್ವಾಸು ಮರದ ಚೌಕಟ್ಟಿಗೆ ತಾಗಿದ ಕಡೆ ಬೇರೆ ಬಣ್ಣ, ತಾಗದ ಕಡೆ ಬೇರೆ ಬಣ್ಣ ತಿರುಗಿರುತ್ತದೆ. ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ ಬಟ್ಟೆ ಎಲ್ಲೆಡೆ ಒಂದೇ ಸಮ ಕಂದಾಗಿರುತ್ತದೆ. ಮೊಳೆ ತುಕ್ಕು ಹಿಡಿದಿದ್ದರೆ ಅದರ ಸುತ್ತಲಿನ ಬಟ್ಟೆಗೂ ತುಕ್ಕಿನ ಕಲೆ ಇಳಿದಿರಬೇಕು.

ಕೇಳಿ ಪಡೆಯಬೇಕಾದ ಕಾಗದಗಳೆಂದರೆ ಮೊದಲ ಖರೀದಿಯ ರಸೀದಿ, ಕಲಾವಿದರ ಪತ್ರ, ಪ್ರದರ್ಶನದ ಕ್ಯಾಟಲಾಗು, ಚಿತ್ರ ಗೋಡೆಯ ಮೇಲಿರುವ ಹಳೆಯ ಕುಟುಂಬದ ಫೋಟೊ. ಕೊನೆಯದನ್ನು ಜನ ಕಡೆಗಣಿಸುತ್ತಾರೆ. 1970ರ ಮದುವೆಯ ಕಪ್ಪುಬಿಳುಪು ಫೋಟೊದಲ್ಲಿ, ನೆಂಟರ ತಲೆಗಳ ಹಿಂದೆ, ಅದೇ ಚಿತ್ರ ಅರ್ಧ ಕಂಡರೂ ಅದು ಹತ್ತು ಪ್ರಮಾಣಪತ್ರಕ್ಕೆ ಸಮ. ಒಡೆತನದ ಜಾಡು ಕಲಾವಿದರ ಕೈಯಿಂದ ಇಂದಿನ ಮಾಲೀಕರ ತನಕ ತುಂಡಾಗದೆ ಬಂದರೆ ಚಿತ್ರಕ್ಕೆ ಬೆಲೆಯೂ ಏರುತ್ತದೆ, ಕೊಂಡವರಿಗೆ ನೆಮ್ಮದಿಯೂ ಇರುತ್ತದೆ. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನರ 1954ರ ‘ಗ್ರಾಮ ಯಾತ್ರಾ’ 1.37 ಕೋಟಿ ಡಾಲರಿಗೂ ಮೀರಿ ಮಾರಾಟವಾಯಿತು. ಆ ಚಿತ್ರವನ್ನು 1954ರಲ್ಲಿ ದೆಹಲಿಯಲ್ಲಿ ಕೊಂಡ ನಾರ್ವೆಯ ವೈದ್ಯರು ಮುಂದೆ ಅದನ್ನು ಓಸ್ಲೊದ ಆಸ್ಪತ್ರೆಗೆ ಕೊಟ್ಟರು, ಅಲ್ಲಿಂದ ಅದು ಹರಾಜಿಗೆ ಬಂತು. ಜಾಡಿನಲ್ಲಿ ಎಲ್ಲೂ ಕತ್ತಲೆ ಇರಲಿಲ್ಲ.

ಇದರ ಎದುರು ಬದಿಗೂ ಉದಾಹರಣೆ ಇದೆ. 2009ರಲ್ಲಿ ಎಸ್.ಎಚ್. ರಝಾ ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಪ್ರದರ್ಶನದ ಉದ್ಘಾಟನೆಗೆ ಹೋಗಿ, ಅಲ್ಲಿದ್ದ ಚಿತ್ರಗಳು ನಕಲಿ ಎಂದು ತಾವೇ ಗುರುತಿಸಿದರು. ಬದುಕಿದ್ದ ಕಲಾವಿದನ ಎದುರೇ ಹೀಗಾದರೆ, ತೀರಿಕೊಂಡವರ ಹೆಸರಿನಲ್ಲಿ ಏನೇನು ಓಡಾಡುತ್ತಿರಬಹುದೆಂದು ಯೋಚಿಸಬೇಕು. ಇದು ಕೊಳ್ಳುವವರ ಜೇಬಿನ ಪ್ರಶ್ನೆ ಮಾತ್ರವಲ್ಲ. ಒಂದೊಂದು ನಕಲು ಚಿತ್ರವೂ ಆ ಕಲಾವಿದ ಜೀವಮಾನವೆಲ್ಲ ಕಟ್ಟಿದ ಕೆಲಸವನ್ನು ಕಲುಷಿತಗೊಳಿಸುತ್ತದೆ.

ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಭಾರತದಲ್ಲಿ ಚಿತ್ರದ ಅಸಲಿತನಕ್ಕೆ ಮುದ್ರೆ ಒತ್ತುವ ಸರ್ಕಾರಿ ಕಚೇರಿ ಇಲ್ಲ. ಕಲಾವಿದರ ಕುಟುಂಬ, ಅವರ ಕೃತಿಗಳನ್ನು ದಶಕಗಳ ಕಾಲ ಮಾರಿದ ಗ್ಯಾಲರಿ, ಅವರ ಮೇಲೆ ಕೆಲಸ ಮಾಡಿದ ವಿದ್ವಾಂಸರು, ಈ ಮೂವರ ಅಭಿಪ್ರಾಯಕ್ಕೆ ಮಾರುಕಟ್ಟೆಯಲ್ಲಿ ತೂಕವಿದೆ. ಮಾರುವವನೇ ಟೈಪು ಮಾಡಿಸಿ ಕೊಟ್ಟ ಪ್ರಮಾಣಪತ್ರಕ್ಕೆ ತೂಕವಿಲ್ಲ. ಪ್ರಮಾಣಪತ್ರದಲ್ಲಿ ಚಿತ್ರದ ಫೋಟೊ, ಅಳತೆ, ಮಾಧ್ಯಮ, ಇಸವಿ, ಕೊಟ್ಟವರ ಸಹಿ ಇಲ್ಲದಿದ್ದರೆ ಅದನ್ನು ಬೇರೆ ಯಾವ ಚಿತ್ರಕ್ಕಾದರೂ ಲಗತ್ತಿಸಬಹುದು. ‘ನಕಲು ಎಂದು ಸಾಬೀತಾದರೆ ಹಣ ಮರಳಿ ಕೊಡಲಾಗುವುದು’ ಎಂಬ ಷರತ್ತನ್ನು ಮಾರಾಟದ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಅದನ್ನು ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳದಿರುವುದೇ ಲೇಸು.

ಬೆಲೆ, ತೆರಿಗೆ, ಕಾನೂನು

ನಿಸರ್ಗಚಿತ್ರದ ಬೆಲೆಯನ್ನು ತೀರ್ಮಾನಿಸುವುದು ಗಾತ್ರ, ಮಾಧ್ಯಮ, ಕಾಲಘಟ್ಟ, ಸ್ಥಿತಿ ಮತ್ತು ಒಡೆತನದ ಜಾಡು. ಸಾಮಾನ್ಯವಾಗಿ ಕ್ಯಾನ್ವಾಸಿನ ಮೇಲಿನ ತೈಲಕ್ಕೆ ಕಾಗದದ ಮೇಲಿನ ಜಲವರ್ಣಕ್ಕಿಂತ ಹೆಚ್ಚು, ಕಲಾವಿದರ ಪ್ರೌಢ ಕಾಲದ ಚಿತ್ರಕ್ಕೆ ವಿದ್ಯಾರ್ಥಿದೆಸೆಯ ಅಭ್ಯಾಸಕ್ಕಿಂತ ಹೆಚ್ಚು. ಹೆಬ್ಬಾರರ ವಿಷಯದಲ್ಲಿ ಮನುಷ್ಯರ ಚಲನೆ ಇರುವ ಚಿತ್ರಗಳನ್ನೇ ಸಂಗ್ರಾಹಕರು ಹೆಚ್ಚಾಗಿ ಅರಸುತ್ತಾರೆ. ಬರೀ ನೆಲ ನೀರಿನ ಚಿತ್ರ ಕೊಳ್ಳುವವರಿಗೆ ಇದು ಅನುಕೂಲವೇ. ಸ್ಯಾಫ್ರನ್‌ಆರ್ಟ್, ಆಸ್ತಾಗುರು, ಪುಂಡೋಲ್ಸ್‌ನಂಥ ಹರಾಜು ಸಂಸ್ಥೆಗಳ ಜಾಲತಾಣಗಳಲ್ಲಿ ಹಿಂದಿನ ಹರಾಜುಗಳ ಫಲಿತಾಂಶ ಸಿಗುತ್ತದೆ. ಅದೇ ಮಾಧ್ಯಮದ, ಹತ್ತಿರದ ಗಾತ್ರದ, ಅದೇ ದಶಕದ ನಾಲ್ಕೈದು ಚಿತ್ರಗಳ ಬೆಲೆಯನ್ನು ನೋಡಿಕೊಂಡು ಮಾತಿಗೆ ಕೂರಬೇಕು. ಪತ್ರಿಕೆಯಲ್ಲಿ ಬಂದ ಕೋಟಿಯ ಸುದ್ದಿ ಯಾವುದೋ ಒಂದು ಅಪರೂಪದ ಚಿತ್ರದ್ದು, ಅದನ್ನು ಅಳತೆಗೋಲು ಮಾಡಿಕೊಳ್ಳಬಾರದು.

ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರ ಶುಲ್ಕ ಸೇರುತ್ತದೆ, ಅದರ ಮೇಲೆ ತೆರಿಗೆ. ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಶುಲ್ಕದ ಮೇಲಿನದು ಸೇವೆಯ ತೆರಿಗೆಯಾದ್ದರಿಂದ ಶೇ 18. ಉದಾಹರಣೆಗೆ 20 ಲಕ್ಷಕ್ಕೆ ಸುತ್ತಿಗೆ ಬಿದ್ದು, ಶುಲ್ಕ ಶೇ 20 ಇದ್ದರೆ, ಶುಲ್ಕ 4 ಲಕ್ಷ, ಚಿತ್ರದ ಮೇಲಿನ ತೆರಿಗೆ 1 ಲಕ್ಷ, ಶುಲ್ಕದ ಮೇಲಿನದು 72 ಸಾವಿರ. ಒಟ್ಟು 25 ಲಕ್ಷ 72 ಸಾವಿರ. ಸಾಗಣೆ, ವಿಮೆ ಬೇರೆ. 10 ಲಕ್ಷ ಮೀರಿದ ಚಿತ್ರದ ಮಾರಾಟದಲ್ಲಿ ವ್ಯಾಪಾರಿ ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ವಸೂಲು ಮಾಡುವ ನಿಯಮ 2025ರ ಏಪ್ರಿಲಿನಿಂದ ಬಂದಿದೆ. ಅದು ಕೊಂಡವರ ಆದಾಯ ತೆರಿಗೆಯ ಲೆಕ್ಕದಲ್ಲಿ ಜಮೆಯಾಗುವ ಹಣ, ಮರೆಯದೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆಯಿಂದ ಮನೆಗೆ ನಡೆಯುವ ಮಾರಾಟದಲ್ಲೂ 2 ಲಕ್ಷ ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಬ್ಯಾಂಕಿನ ಮೂಲಕವೇ ಹಣ ಹೋಗಬೇಕು. ಮುಂದೆ ಅದೇ ಒಡೆತನದ ಜಾಡಿನ ಒಂದು ಕೊಂಡಿಯೂ ಆಗುತ್ತದೆ. ಮಾರುವವರ ಕಡೆ ನೋಡಿದರೆ, ಮನೆಯ ಚಿತ್ರ ಸ್ವಂತ ಬಳಕೆಯ ವಸ್ತು, ಅದರ ಮಾರಾಟಕ್ಕೆ ತೆರಿಗೆಯಿಲ್ಲ ಎಂಬ ಹಳೆಯ ನಂಬಿಕೆ ಈಗ ಸರಿಯಲ್ಲ. 2007ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಚಿತ್ರ, ರೇಖಾಚಿತ್ರ, ಶಿಲ್ಪಗಳು ಬಂಡವಾಳ ಆಸ್ತಿಗಳಾದವು. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ, 2024ರ ಜುಲೈ 23ರಿಂದ ಜಾರಿಗೆ ಬಂದ ದರ ಅದು. ತಲೆತಲಾಂತರದಿಂದ ಬಂದ ಚಿತ್ರವಾದರೆ ಹಿಂದಿನವರು ಕೊಟ್ಟ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೂ ಆರಿಸಿಕೊಳ್ಳಬಹುದು. ಇದಕ್ಕೆ ಮೌಲ್ಯಮಾಪಕರ ವರದಿ ಬೇಕು, ಲೆಕ್ಕಪರಿಶೋಧಕರ ಸಲಹೆಯೂ ಬೇಕು.

ಪಿತ್ರಾರ್ಜಿತ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ಮನೆ, ಗದ್ದೆ, ತೋಟ ಪಾಲಾಗುವಾಗ ಗೋಡೆಯ ಮೇಲಿನ ಚಿತ್ರ ಪಾಲುಪಟ್ಟಿಯಲ್ಲಿ ಬರುವುದೇ ಇಲ್ಲ. ಹಿರಿಮನೆಯಲ್ಲಿ ಉಳಿದವರು ಅದನ್ನು ಮಾರಿದ ಮೇಲೆ ದುಬೈಯಲ್ಲೋ ಪುಣೆಯಲ್ಲೋ ಇರುವ ದಾಯಾದಿಗಳು ತಕರಾರು ತೆಗೆದರೆ ಕೊಂಡವರು ನಡುವೆ ಸಿಕ್ಕಿಬೀಳುತ್ತಾರೆ. ಎಲ್ಲ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ ಮುಂಗಡ ಕೊಡಬಾರದು.

ಚಿತ್ರ ಕೊಂಡರೆ ಅದರ ಹಕ್ಕುಸ್ವಾಮ್ಯ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಹೆಬ್ಬಾರರ ಕೃತಿಗಳಿಗೆ 2056ರ ಕೊನೆಯವರೆಗೆ. ಗೋಡೆಗೆ ತೂಗುಹಾಕಬಹುದು, ಅದನ್ನು ಹೋಟೆಲಿನ ಮೆನುವಿನ ಮೇಲೋ ಬ್ಯಾಂಕಿನ ಕ್ಯಾಲೆಂಡರಿನ ಮೇಲೋ ಅಚ್ಚುಹಾಕಲು ಅನುಮತಿ ಬೇಕು. ಹತ್ತು ಸಾವಿರ ರೂಪಾಯಿ ಮೀರಿದ ಮರುಮಾರಾಟದಲ್ಲಿ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಶೇ 10ರ ಮಿತಿಯೊಳಗೆ ಪಾಲು ಕೇಳುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಕಲಾವಿದರ ಮನೆಯವರಿಗೆ ಇದು ನ್ಯಾಯವಾಗಿ ಸಲ್ಲಬೇಕಾದದ್ದು. ಚಿತ್ರವನ್ನು ಕೆಡಿಸುವ ಹಕ್ಕೂ ಮಾಲೀಕರಿಗಿಲ್ಲ: ಶಿಲ್ಪಿ ಅಮರನಾಥ ಸೆಹಗಲ್ ಅವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2005ರಲ್ಲಿ ಕಲಾವಿದನ ಈ ನೈತಿಕ ಹಕ್ಕನ್ನು ಎತ್ತಿಹಿಡಿಯಿತು.

ವಿದೇಶದಲ್ಲಿರುವ ಮಕ್ಕಳಿಗೆ ಚಿತ್ರ ಕಳಿಸುವ ಯೋಚನೆ ಇದ್ದವರು 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯನ್ನು ತಿಳಿದಿರಬೇಕು. ರಾಜಾ ರವಿವರ್ಮ, ರವೀಂದ್ರನಾಥ ಟಾಗೋರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ಹಿಮಾಲಯದ ನಿಸರ್ಗಚಿತ್ರಗಳಿಗೆ ಹೆಸರಾದ ನಿಕೊಲಸ್ ರೋರಿಕ್ ಸೇರಿ ಒಂಬತ್ತು ಕಲಾವಿದರ ಕೃತಿಗಳನ್ನು ರಾಷ್ಟ್ರದ ಕಲಾಸಂಪತ್ತು ಎಂದು ಘೋಷಿಸಲಾಗಿದೆ. ಅವು ದೇಶದ ಆಚೆ ಹೋಗುವಂತಿಲ್ಲ. ಆ ಪಟ್ಟಿಯಲ್ಲಿ ಹೆಬ್ಬಾರರಿಲ್ಲ. ಆದರೆ ನೂರು ವರ್ಷ ತುಂಬಿದ ಯಾವ ಚಿತ್ರವೂ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಹೆಬ್ಬಾರರು 1935ರಲ್ಲಿ ಬರೆದ ಜಲವರ್ಣ 2035ರಲ್ಲಿ ಆ ಗಡಿ ದಾಟುತ್ತದೆ, ಅಲ್ಲಿಂದ ಮುಂದೆ ಅದನ್ನು ಹೊರದೇಶಕ್ಕೆ ಒಯ್ಯಲಾಗದು.

ಕಡಲ ಗಾಳಿಯಲ್ಲಿ ಕಾಪಾಡುವುದು

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿ ಕಾಗದದ ಮೇಲಿನ ಚಿತ್ರಕ್ಕೆ ಕಠಿಣ ಜಾಗ. ಆಸಾಡಿಯ ಮಳೆಯಲ್ಲಿ ಬೀರುವಿನೊಳಗಿನ ಪಟ್ಟೆ ಸೀರೆಗೇ ಬೂಷ್ಟು ಹಿಡಿಯುವಾಗ ಗೋಡೆಗೆ ಅಂಟಿಕೊಂಡ ಚಿತ್ರಕ್ಕೆ ಹಿಡಿಯದಿರುತ್ತದೆಯೇ? ಕಾಗದದ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಏಳುವುದು, ಅಂಟು ಸಡಿಲಗೊಳ್ಳುವುದು, ಫ್ರೇಮಿನ ಹಿಂದಿನ ಹಲಗೆಯಿಂದ ಗೆದ್ದಲು ಏರುವುದು, ಉಪ್ಪುಗಾಳಿಗೆ ಮೊಳೆ ಸವೆದು ಚಿತ್ರ ಕಳಚಿಬೀಳುವುದು, ಇವು ಇಲ್ಲಿ ಮಾಮೂಲು. ಹಳೆಯ ಮನೆಗಳಲ್ಲಿ ಎಷ್ಟೋ ಒಳ್ಳೆಯ ಚಿತ್ರಗಳು ಕಳ್ಳತನದಿಂದಲ್ಲ, ತೇವದಿಂದ ಹೋಗಿವೆ ಎಂಬುದು ನೋವಿನ ಸಂಗತಿ.

ಕೆಂಪುಕಲ್ಲಿನ ಹೊರಗೋಡೆ ಮಳೆಗಾಲವಿಡೀ ತೇವ ಹೀರಿರುತ್ತದೆ. ಚಿತ್ರವನ್ನು ಒಳಗೋಡೆಗೆ ತೂಗಬೇಕು. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಸಣ್ಣ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಗಾಜು ಕಾಗದವನ್ನು ಮುಟ್ಟದಂತೆ ಆಮ್ಲರಹಿತ ಮೌಂಟು ಇರಲಿ. ಹಿಂಬದಿಗೆ ಪ್ಲೈವುಡ್ ಹಾಕಬಾರದು. ಕೊಕ್ಕೆ, ತಂತಿ ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು. ದೇವರ ಕೋಣೆಯ ಹೊಗೆ, ಅಡುಗೆಮನೆಯ ಜಿಡ್ಡು, ಪಶ್ಚಿಮದ ಕಿಟಕಿಯ ಇಳಿಬಿಸಿಲು ತಾಗದ ಜಾಗ ಆರಿಸಬೇಕು. ಜಲವರ್ಣದ ಕೆಂಪು, ಹಳದಿಗಳು ಬಿಸಿಲಿಗೆ ಬೇಗ ಮಾಸುತ್ತವೆ, ಒಮ್ಮೆ ಮಾಸಿದರೆ ಮರಳಿ ಬರುವುದಿಲ್ಲ.

ಚಿತ್ರ ಕೆಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸುವುದು, ವಾರ್ನಿಷ್ ಹೊಡೆಸುವುದು, ಊರಿನ ಬೋರ್ಡು ಬರೆಯುವವರಿಂದ ಬಣ್ಣ ತುಂಬಿಸುವುದು ಕೂಡದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ, ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಇವೆ. ಫೋಟೊ ಕಳಿಸಿ ಸಲಹೆ ಕೇಳಿ ಮುಂದುವರಿಯಬೇಕು. ಅನುಭವವಿಲ್ಲದ ಕೈಯ ದುರಸ್ತಿಯಿಂದ ಚಿತ್ರದ ಬೆಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಸಾಗಣೆಗೆ ಬೇಸಿಗೆಯೇ ಸರಿಯಾದ ಕಾಲ. ಮುಂಬೈಯಿಂದಲೋ ಬೆಂಗಳೂರಿನಿಂದಲೋ ಚಿತ್ರ ತರಿಸುವಾಗ ಗಾಜಿನ ಮೇಲೆ ಉದ್ದಗಲಕ್ಕೂ ಕಾಗದದ ಅಂಟುಪಟ್ಟಿ ಹಾಕಿಸಬೇಕು, ಒಡೆದರೂ ಚೂರು ಚಿತ್ರದ ಮೇಲೆ ಬೀಳುವುದಿಲ್ಲ. ಹವಾನಿಯಂತ್ರಿತ ಕೋಣೆಯಿಂದ ಬಂದ ಪೆಟ್ಟಿಗೆಯನ್ನು ಬಂದೊಡನೆ ಬಿಚ್ಚದೆ ಒಂದು ದಿನ ಮನೆಯೊಳಗೇ ಬಿಡಬೇಕು. ತಂಪಾದ ಗಾಜಿನ ಒಳಬದಿಗೆ ಕರಾವಳಿಯ ಗಾಳಿಯ ನೀರು ಹನಿಗಟ್ಟುವುದು ಅದರಿಂದ ತಪ್ಪುತ್ತದೆ. ಬಿಚ್ಚುವ ಮೊದಲು, ಬಿಚ್ಚಿದ ಮೇಲೆ, ಮುಂಬದಿ ಮತ್ತು ಹಿಂಬದಿ ಎರಡರದ್ದೂ ಫೋಟೊ ತೆಗೆದಿಡಬೇಕು, ವಿಮೆಯವರು ಮೊದಲು ಕೇಳುವುದು ಅದನ್ನೇ. ಮನೆಯ ವಿಮೆಯಲ್ಲಿ ಕಲಾಕೃತಿ ತಾನಾಗಿ ಸೇರಿರುವುದಿಲ್ಲ. ಮೌಲ್ಯಮಾಪನದ ವರದಿಯೊಂದಿಗೆ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕು, ಕೆಲವು ವರ್ಷಗಳಿಗೊಮ್ಮೆ ಮೌಲ್ಯವನ್ನು ಪರಿಷ್ಕರಿಸಬೇಕು. ರಸೀದಿ, ಪ್ರಮಾಣಪತ್ರ, ಫೋಟೊಗಳ ಒಂದು ಪ್ರತಿ ಚಿತ್ರವಿರುವ ಮನೆಯಲ್ಲಿದ್ದರೆ ಇನ್ನೊಂದು ಬ್ಯಾಂಕಿನ ಲಾಕರಿನಲ್ಲಿರಲಿ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಚಿತ್ರವನ್ನು ಗೋಡೆಯಿಂದ ಇಳಿಸಿ ಹಿಂಬದಿ ನೋಡಿದರೆ ಗೆದ್ದಲು, ಬೂಷ್ಟು ಆರಂಭದಲ್ಲೇ ಸಿಕ್ಕಿಬೀಳುತ್ತವೆ.